ಮೂರು ಸಲ ತಿದ್ದಿದ ಪಟ್ಟಿ

ಹೋದ ದೀಪಾವಳಿಗೆ ಸಂತೆಕಲ್ಲೂರಿಗೆ ಹೋದಾಗ ತಮ್ಮ ಒಂದು ಡಬ್ಬಿ ತಂದು ನನ್ನ ಮುಂದಿಟ್ಟ. ಕಪ್ಪು ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಹುರಿಗಟ್ಟಿದ ತೋಳಿನ ಚಿತ್ರ.

"ಅಕ್ಕ, ಇದ್ರಾಗ ಏನೈತಿ ನೋಡು. ನೀ ಪಿಎಚ್‌ಡಿ ಮಾಡಾಕತ್ತಿ ಅಲ?"

ನನ್ನ ಪಿಎಚ್‌ಡಿ ಇರುವುದು ರಾಯಚೂರು ಸೀಮೆಯ ದಾನಶಾಸನಗಳ ಮೇಲೆ. ಆದರೆ ನಮ್ಮ ಮನೆಯಲ್ಲಿ ಪಿಎಚ್‌ಡಿ ಅಂದರೆ ಎಲ್ಲವನ್ನೂ ಓದಬಲ್ಲವಳು ಎಂದರ್ಥ. ತಮ್ಮ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದ್ದ. ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಅವನದು ಆರು ನಿಮಿಷ ನಲವತ್ತೈದು ಸೆಕೆಂಡಿಗೆ ಬಂದು ನಿಂತುಬಿಟ್ಟಿತ್ತು. ಆ ಹದಿನೈದು ಸೆಕೆಂಡು ಈ ಡಬ್ಬಿಯಲ್ಲಿದೆ ಎಂದು ಜೊತೆಗೆ ಓಡುವ ಹುಡುಗನೊಬ್ಬ ಹೇಳಿದ್ದನಂತೆ. ಅವನಿಗೆ ಇನ್ಯಾರೋ ಕೊಟ್ಟಿದ್ದರು. ಆ ಇನ್ಯಾರೋ ಯಾರೆಂದು ತಮ್ಮನಿಗೆ ಗೊತ್ತಿರಲಿಲ್ಲ.

ಲೇಬಲ್ ಓದಿದೆ. ನಾಲ್ಕೈದು ಹೆಸರು ತಿಳಿಯುವಂತಿದ್ದವು. ಆಮೇಲೆ 'ವಿಶೇಷ ಮಿಶ್ರಣ' ಎಂದು ಬರೆದು ಒಟ್ಟು ತೂಕ ಕೊಟ್ಟಿದ್ದರು. ಮಿಶ್ರಣದಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂಬುದಿಲ್ಲ. ಅದರ ಕೆಳಗೆ ಆಮದು ಮಾಡಿದವರ ಚೀಟಿ, ಅದರ ಮೇಲೆ ಬೆಲೆಯ ಇನ್ನೊಂದು ಚೀಟಿ. ಅಕ್ಷರ ಸವೆದುಹೋದ ಕಲ್ಲನ್ನು ಓದಿ ರೂಢಿಯಿದ್ದ ನನಗೆ, ನಿನ್ನೆ ಮೊನ್ನೆ ಅಚ್ಚಾದ ಈ ಲೇಬಲ್ಲಿನಿಂದ ಏನೂ ಹೊರಡಲಿಲ್ಲ.

"ಗೊತ್ತಾಗಾಂಗಿಲ್ಲೋ" ಅಂದೆ.

"ಮತ್ತ ಕುಡೀಲೋ ಬ್ಯಾಡೋ?"

ಆ ರಾತ್ರಿ ನನಗೆ ನೆನಪಾದದ್ದು 2010ರ ಅಕ್ಟೋಬರ್ 12. ಆಗ ನಾನು ಎಂಟನೇ ಇಯತ್ತೆ. ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ 4x400 ಮೀಟರ್ ರಿಲೇ. ಪಕ್ಕದ ಮನೆಯ ಟೀವಿಯ ಮುಂದೆ ನಾವು ಏಳೆಂಟು ಮಂದಿ. ಮೊದಲು ಮಂಜೀತ್ ಕೌರ್, ನಂತರ ಸಿನಿ ಜೋಸ್, ಮೂರನೆಯವರು ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ, ಕೊನೆಗೆ ಮನ್‌ದೀಪ್ ಕೌರ್. ಅಶ್ವಿನಿ ನೈಜೀರಿಯಾದ ಓಟಗಾರ್ತಿಯನ್ನು ದಾಟಿದ ಗಳಿಗೆಯಲ್ಲಿ ನಾವು ಕೂತಲ್ಲೇ ಎದ್ದು ನಿಂತಿದ್ದೆವು. 3 ನಿಮಿಷ 27.77 ಸೆಕೆಂಡು, ಚಿನ್ನ. ಮರುದಿನ ನಮ್ಮ ಪಿ.ಟಿ. ಮೇಷ್ಟ್ರು ಪೇಪರಿನ ಫೋಟೋ ಕತ್ತರಿಸಿ ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದರು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅಶ್ವಿನಿ 400 ಮೀಟರ್ ಹರ್ಡಲ್ಸ್ ಅನ್ನು 56.15 ಸೆಕೆಂಡಿನಲ್ಲಿ ಓಡಿ ಗೆದ್ದರು, ರಿಲೇಯಲ್ಲೂ ಚಿನ್ನ ತಂದರು. ನಾನು ಆ ವರ್ಷ ಎಂಟುನೂರು ಮೀಟರಿಗೆ ಹೆಸರು ಕೊಟ್ಟೆ. ತಾಲೂಕು ಮಟ್ಟದಲ್ಲಿ ನಾಲ್ಕನೆಯವಳಾದೆ. ಅಲ್ಲಿಗೆ ನನ್ನ ಓಟದ ಚರಿತ್ರೆ ಮುಗಿಯಿತು.

ಬಾಗಿಲ ಮೇಲಿನ ಫೋಟೋ ಒಂಬತ್ತನೇ ಇಯತ್ತೆಯ ಶುರುವಿನಲ್ಲಿ ಮಾಯವಾಯಿತು. 2011ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಭಾರತದ ನಾನೂರು ಮೀಟರ್ ಬಳಗದ ಆರು ಹೆಣ್ಣುಮಕ್ಕಳು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು: ಮನ್‌ದೀಪ್ ಕೌರ್, ಸಿನಿ ಜೋಸ್, ಅಶ್ವಿನಿ, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವರ್. ಜಪಾನಿನ ಕೋಬೆಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಇನ್ನೇನು ಶುರುವಾಗಬೇಕಿತ್ತು. ಮೈಯಲ್ಲಿ ಸಿಕ್ಕಿದ್ದು ಸ್ನಾಯು ಬೆಳೆಸುವ ಸ್ಟೆರಾಯ್ಡ್. ನಾವು ತಿಂದದ್ದು ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರ, ಅದರಲ್ಲೇ ಇದು ಬೆರೆತಿತ್ತು ಎಂದು ಅವರು ವಾದಿಸಿದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ಕ್ರೀಡಾ ಸಚಿವಾಲಯ ವಜಾ ಮಾಡಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ನೇಮಕವಾಯಿತು. 'ಮುದಗಲ್ ಸಮಿತಿ' ಎಂದು ಕೇಳಿ, ಪಕ್ಕದ ಮುದಗಲ್ಲಿನ ಕೋಟೆಯಲ್ಲೇ ವಿಚಾರಣೆ ನಡೆಯುತ್ತದೆಂದು ನಾವು ಹುಡುಗರು ಕೆಲವು ದಿನ ನಂಬಿದ್ದೆವು.

ವರ್ಷದ ಕೊನೆಯಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ಹೇರಿತು. ಆಗಿನ ನಿಯಮದಂತೆ ಎರಡು ವರ್ಷ ಆಗಬೇಕಿತ್ತು. ಇವರ ತಪ್ಪು ದೊಡ್ಡದಲ್ಲ ಎಂದು ಅರ್ಧ ಇಳಿಸಿದ್ದರು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸಿನ ಹೊತ್ತಿಗೆ, ಶಿಕ್ಷೆ ಎರಡು ವರ್ಷಕ್ಕೆ ಏರಿತು. ಕೋಚ್ ಕೊಟ್ಟರೆಂಬ ನಂಬಿಕೆ ಸಾಲದು, ಮೈಯೊಳಗೆ ಹೋಗುವುದನ್ನು ಓಟಗಾರ್ತಿಯೇ ವಿಚಾರಿಸಿ ನೋಡಬೇಕಿತ್ತು ಎಂಬುದು ತೀರ್ಪಿನ ತಿರುಳು.

ಈ ಬರಹ ಶುರುಮಾಡುವಾಗ ನನ್ನೊಳಗೆ ಸಿಟ್ಟಿತ್ತು. ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. ಪಟಿಯಾಲದ ತರಬೇತಿ ಶಿಬಿರದಲ್ಲಿ ಊಟ, ನಿದ್ದೆ, ಮಾತ್ರೆ ಎಲ್ಲವೂ ಮೇಲಿನವರು ಹೇಳಿದಂತೆ. ಎದುರು ಕೇಳಿದರೆ ತಂಡದಲ್ಲಿ ಜಾಗವಿರುವುದೋ ಇಲ್ಲವೋ. ಹೀಗಿದ್ದೂ ಹೊಣೆ ಪೂರ್ತಿ ಅವರದು ಎನ್ನುವುದು ಯಾವ ನ್ಯಾಯ? ಇದನ್ನೇ ಬರೆಯಬೇಕೆಂದು ಕೂತೆ. ಬರೆಯಲು ಬಿಡದೇ ಇದ್ದದ್ದು ಇನ್ನೊಬ್ಬ ಕನ್ನಡತಿಯ ಚರಿತ್ರೆ. ಮಾಚೆಟ್ಟಿರ ರಾಜು ಪೂವಮ್ಮ.

ಪೂವಮ್ಮ ಹುಟ್ಟಿದ್ದು 1990ರ ಜೂನ್ 5ರಂದು ಕೊಡಗಿನ ಗೋಣಿಕೊಪ್ಪಲಿನಲ್ಲಿ, ಬೆಳೆದದ್ದು ಮಂಗಳೂರಿನಲ್ಲಿ. ಹದಿನೆಂಟು ತುಂಬಿದ ವರ್ಷವೇ ಬೀಜಿಂಗ್ ಒಲಿಂಪಿಕ್ಸಿನ ರಿಲೇ ತಂಡದ ಪಟ್ಟಿಯಲ್ಲಿದ್ದರು. 2011ರ ಪಟ್ಟಿಯಲ್ಲಿ ಅವರ ಹೆಸರಿಲ್ಲ. 2014ರ ಇಂಚಿಯೋನ್ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರಿನಲ್ಲಿ ಕಂಚು ಗೆದ್ದರು. ರಿಲೇಯಲ್ಲಿ ಪ್ರಿಯಾಂಕಾ ಪನ್ವರ್, ಟಿಂಟು ಲೂಕಾ, ಮನ್‌ದೀಪ್ ಕೌರ್ ಅವರೊಡನೆ 3 ನಿಮಿಷ 28.68 ಸೆಕೆಂಡಿನಲ್ಲಿ ಚಿನ್ನ. ಆ ನಾಲ್ವರಲ್ಲಿ ಇಬ್ಬರು 2011ರ ನಿಷೇಧ ಮುಗಿಸಿ ಬಂದವರು. ಮರುವರ್ಷ ಪೂವಮ್ಮ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಜಿಸ್ನಾ ಮ್ಯಾಥ್ಯೂ, ಟಿಂಟು ಲೂಕಾ, ನಿರ್ಮಲಾ ಶೆರಾನ್ ಜೊತೆ ಓಡಿದರು.

ಇಲ್ಲಿಂದ ಮುಂದೆ ಅವರ ಪದಕಗಳ ಪಟ್ಟಿಯನ್ನು ಮೂರು ಸಲ ತಿದ್ದಲಾಗಿದೆ. ಮೂರು ಸಲವೂ ತಿದ್ದಿದ್ದು ಒಂದೇ ಕಾನೂನು.

ಮೊದಲನೆಯದು, 2017ರಲ್ಲಿ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ರಿಲೇ ತಂಡ ಚಿನ್ನ ಗೆದ್ದಿತ್ತು. ಪೂವಮ್ಮ ಆ ತಂಡದಲ್ಲಿದ್ದರು, ನಿರ್ಮಲಾ ಶೆರಾನ್ ಕೂಡ. 2018ರಲ್ಲಿ ನಿರ್ಮಲಾ ಅವರ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ನಾಲ್ಕು ವರ್ಷ ನಿಷೇಧವಾಯಿತು. 2016ರ ಆಗಸ್ಟಿನಿಂದ ಮುಂದಿನ ಅವರ ಫಲಿತಾಂಶಗಳೆಲ್ಲ ರದ್ದಾದವು, ಭುವನೇಶ್ವರದ ರಿಲೇ ಚಿನ್ನವೂ ಹೋಯಿತು. ರಿಲೇಯಲ್ಲಿ ಒಬ್ಬರ ಮೈ ಕೆಟ್ಟರೆ ನಾಲ್ವರ ಓಟವೂ ಕೆಟ್ಟಂತೆ. ಜಮೈಕಾದ ನೆಸ್ಟಾ ಕಾರ್ಟರ್ ಮಾದರಿಯ ಮರುಪರೀಕ್ಷೆಯಿಂದ ಉಸೇನ್ ಬೋಲ್ಟ್ ಬೀಜಿಂಗಿನ ರಿಲೇ ಚಿನ್ನವನ್ನು ಒಂಬತ್ತು ವರ್ಷದ ಮೇಲೆ ಹಿಂದಿರುಗಿಸಬೇಕಾಯಿತಲ್ಲ, ಅದೇ ಲೆಕ್ಕ.

ಎರಡನೆಯದು, 2018ರ ಆಗಸ್ಟಿನಲ್ಲಿ ಜಕಾರ್ತಾ. ಮೊಹಮ್ಮದ್ ಅನಸ್, ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಇದ್ದ ಮಿಶ್ರ ರಿಲೇ ತಂಡ ಬಹರೇನಿನ ಹಿಂದೆ ಎರಡನೆಯದಾಯಿತು. ಮುಂದೆ ಬಹರೇನಿನ ಕೆಮಿ ಅಡೆಕೋಯಾ ಸ್ಟೆರಾಯ್ಡ್ ಸೇವಿಸಿದ್ದಕ್ಕೆ ನಿಷೇಧಕ್ಕೊಳಗಾದರು. ಭಾರತದ ಬೆಳ್ಳಿ ಚಿನ್ನವಾಯಿತು. ಅದೇ ತೀರ್ಪಿನಿಂದ 400 ಮೀಟರ್ ಹರ್ಡಲ್ಸಿನಲ್ಲಿ ನಾಲ್ಕನೆಯವರಾಗಿದ್ದ ಅನು ರಾಘವನ್ ಅವರಿಗೆ ಕಂಚು ಸಿಕ್ಕಿತು.

ಮೂರನೆಯದು ಸ್ವಂತದ್ದು. 2021ರ ಫೆಬ್ರುವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಸಿಕ್ಕಿತು. 2022ರಲ್ಲಿ ಶಿಸ್ತು ಸಮಿತಿ ಮೂರು ತಿಂಗಳ ನಿಷೇಧ ಹಾಕಿತು. ಇದು ಸಾಲದೆಂದು ನಾಡಾ ಮೇಲ್ಮನವಿ ಹೋಯಿತು, ಮೇಲ್ಮನವಿ ಸಮಿತಿ ಎರಡು ವರ್ಷ ಮಾಡಿತು. ಮೂವತ್ತೆರಡು ವಯಸ್ಸಿನ ನಾನೂರು ಮೀಟರ್ ಓಟಗಾರ್ತಿಗೆ ಎರಡು ವರ್ಷ ಅಂದರೆ ಬಹುಮಟ್ಟಿಗೆ ಮುಗಿದಂತೆಯೇ.

ಈ ಮೀಥೈಲ್‌ಹೆಕ್ಸಾನಮೀನ್‌ಗೂ ಒಂದು ಚರಿತ್ರೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಔಷಧ ಕಂಪನಿ ಎಲೈ ಲಿಲಿ ಇದನ್ನು ಕಟ್ಟಿದ ಮೂಗು ಬಿಡಿಸುವ ಮದ್ದಾಗಿ ತಂದಿತು. ಮುಂದೆ ಮದ್ದಿನ ಅಂಗಡಿಯಿಂದ ಮರೆಯಾಗಿ, ಈ ಶತಮಾನದ ಮೊದಲ ದಶಕದಲ್ಲಿ ಜಿಮ್ಮಿನ ಡಬ್ಬಿಗಳಲ್ಲಿ ಮತ್ತೆ ಕಾಣಿಸಿತು. ಜೆರೇನಿಯಂ ಗಿಡದ ಎಣ್ಣೆಯಿಂದ ಬಂದದ್ದು ಎಂದು ಮಾರುವವರು ಹೇಳುತ್ತಿದ್ದರು. 'ಜೆರೇನಿಯಂ' ಎಂದರೆ ಹೂವಿನ ಹೆಸರು, ಹೆದರಿಕೆ ಬರುವುದಿಲ್ಲ. 2010ರಲ್ಲಿ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿತು. ಅದೇ ವರ್ಷ ದಿಲ್ಲಿ ಕೂಟಕ್ಕೆ ಮುಂಚೆ ನಮ್ಮ ಹಲವು ಕ್ರೀಡಾಪಟುಗಳು ಇದಕ್ಕೇ ಸಿಕ್ಕಿಬಿದ್ದರು. ಕೂಟದಲ್ಲಿ ಮಹಿಳೆಯರ ನೂರು ಮೀಟರ್ ಗೆದ್ದ ನೈಜೀರಿಯಾದ ಒಸಾಯೆಮಿ ಇದರಿಂದಲೇ ಚಿನ್ನ ಕಳೆದುಕೊಂಡರು. ಬೋಲ್ಟ್ ಪದಕ ಹೋದದ್ದೂ ಇದೇ ವಸ್ತುವಿನಿಂದ. ತಮ್ಮನ ಡಬ್ಬಿಯ 'ವಿಶೇಷ ಮಿಶ್ರಣ'ದಲ್ಲಿ ಇದು ಇರಬಹುದು, ಇಲ್ಲದೆಯೂ ಇರಬಹುದು.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಮೈಯಲ್ಲಿ ಸಿಕ್ಕರೆ ಸಾಕು, ಹೇಗೆ ಬಂತೆಂಬುದು ಆಮೇಲಿನ ಮಾತು ಎಂಬ ಈ ಕಾನೂನು ಕ್ರೂರ ಅನ್ನಿಸಿತ್ತು. ಆದರೆ ಅದಿಲ್ಲದೆ ಹೋಗಿದ್ದರೆ ಅನು ರಾಘವನ್ ಎಂದೆಂದಿಗೂ ನಾಲ್ಕನೆಯವರೇ. ತಾಲೂಕಿನಲ್ಲಿ ನಾಲ್ಕನೆಯವಳಾಗಿ ಮನೆಗೆ ಬಂದ ನನಗೆ ಆ ಸ್ಥಾನದ ಕಹಿ ಸ್ವಲ್ಪ ಗೊತ್ತು. ಬಹರೇನಿನವಳಿಗೆ ಕೊಟ್ಟವರು ಯಾರೆಂದು ಕೇಳದೆ ನಾವು ಚಿನ್ನ ಎತ್ತಿಕೊಂಡು ಸಂಭ್ರಮಿಸಿದೆವು. ನಮ್ಮವರು ಸಿಕ್ಕಾಗ ಮಾತ್ರ 'ಯಾರು ಕೊಟ್ಟರು' ಎಂದು ಕೇಳುತ್ತೇವೆ. ಒಂದೇ ಕಾನೂನು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಿತು. ಕೊಟ್ಟಾಗ ನ್ಯಾಯ, ಕಿತ್ತುಕೊಂಡಾಗ ಅನ್ಯಾಯ ಎಂದು ನಾನು ಬರೆದರೆ ಅದು ಇತಿಹಾಸವಾಗುವುದಿಲ್ಲ, ಊರಾಭಿಮಾನವಾಗುತ್ತದೆ.

ಹಾಗೆಂದು ಪ್ರಯೋಗಶಾಲೆ ಹೇಳಿದ್ದೆಲ್ಲ ಶಿಲಾಶಾಸನವೂ ಅಲ್ಲ. ಪಂಜಾಬಿನ ಸುನೀತಾ ರಾಣಿ 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ 1500 ಮೀಟರನ್ನು 4 ನಿಮಿಷ 6.03 ಸೆಕೆಂಡಿನಲ್ಲಿ ಓಡಿ ಚಿನ್ನ, 5000 ಮೀಟರಿನಲ್ಲಿ ಕಂಚು ಗೆದ್ದರು. ನ್ಯಾಂಡ್ರೊಲೋನ್ ಸಿಕ್ಕಿತೆಂದು ಎರಡೂ ಪದಕ ಕಿತ್ತುಕೊಂಡರು. ಸೋಲ್‌ನ ಪ್ರಯೋಗಶಾಲೆಯ ಲೆಕ್ಕಗಳಲ್ಲೇ ಹೊಂದಾಣಿಕೆಯಿಲ್ಲ ಎಂದು ಗೊತ್ತಾಗಿ, ಮುಂದಿನ ವರ್ಷದ ಆರಂಭದಲ್ಲಿ ಹಿಂದಿರುಗಿಸಿದರು. ಆ ಓಟ ಸುಮಾರು ಹತ್ತೊಂಬತ್ತು ವರ್ಷ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಇತ್ತ ಜರ್ಮನಿಯ ಡೀಟರ್ ಬೌಮನ್, ಬಾರ್ಸಿಲೋನಾ ಒಲಿಂಪಿಕ್ಸಿನ 5000 ಮೀಟರ್ ವಿಜೇತ, ದೇಶದಲ್ಲಿ ಮದ್ದಿನ ವಿರುದ್ಧ ಗಟ್ಟಿಯಾಗಿ ಮಾತಾಡುತ್ತಿದ್ದವರು. 1999ರಲ್ಲಿ ಅವರಲ್ಲೂ ಅದೇ ನ್ಯಾಂಡ್ರೊಲೋನ್ ಸಿಕ್ಕಿತು. ಅವರ ಹಲ್ಲುಜ್ಜುವ ಪೇಸ್ಟಿನ ಟ್ಯೂಬಿನಲ್ಲೇ ಅದು ಇತ್ತು. ಯಾರೋ ಸೇರಿಸಿದ್ದಾರೆ ಎಂದರು ಬೌಮನ್. ಅವರ ದೇಶದ ಒಕ್ಕೂಟ ನಿರ್ದೋಷಿ ಎಂದಿತು, ಅಂತಾರಾಷ್ಟ್ರೀಯ ಒಕ್ಕೂಟ ಎರಡು ವರ್ಷ ಹೊರಗಿಟ್ಟಿತು. ಸಿಡ್ನಿ ಒಲಿಂಪಿಕ್ಸ್ ತಪ್ಪಿತು. 2002ರಲ್ಲಿ ಮರಳಿ ಬಂದು ಯೂರೋಪಿಯನ್ ಚಾಂಪಿಯನ್‌ಷಿಪ್‌ನ 10,000 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಟ್ಯೂಬಿಗೆ ಸೇರಿಸಿದವರು ಯಾರೆಂಬುದು ಹಾಗೆಯೇ ಉಳಿಯಿತು.

ಶಾಸನ ಓದುವವರಿಗೆ ಮೊದಲು ಕಲಿಸುವುದು, ಕಲ್ಲಿನಲ್ಲಿ ಏನಿದೆ ಎನ್ನುವಷ್ಟೇ ಏನಿಲ್ಲ ಎಂಬುದನ್ನೂ ನೋಡು ಎಂದು. ನಮ್ಮೂರಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಒಂದು ಶಾಸನ ಸಿಕ್ಕಿತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿತ್ತು, ಹೆಸರಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ 'ಅಶೋಕ' ಎಂಬ ಹೆಸರಿತ್ತು. ಒಂದು ಹೆಸರು ಸಿಕ್ಕದ್ದರಿಂದ ಹಳೆಯ ಶಾಸನಗಳೆಲ್ಲ ಯಾರವೆಂಬುದು ಗಟ್ಟಿಯಾಯಿತು. ದಾನಶಾಸನಗಳಲ್ಲೂ ಹಾಗೆಯೇ. ಕೊಟ್ಟವರ ಹೆಸರು, ಪಡೆದವರ ಹೆಸರು, ಬರೆದವನ ಹೆಸರು, ಕೆಲವೊಮ್ಮೆ ಕೆತ್ತಿದವನ ಹೆಸರು ಕೂಡ.

ನಿಷೇಧಗಳ ಪಟ್ಟಿಯಲ್ಲಿ ಮಾತ್ರ ಪಡೆದವರ ಹೆಸರಷ್ಟೇ. ಓಟಗಾರ್ತಿಯ ಹೆಸರು, ವಸ್ತುವಿನ ಹೆಸರು, ದಿನಾಂಕ, ಅವಧಿ. ಕೊಟ್ಟವರ ಕಾಲಂ ಎಂಬುದೇ ಇಲ್ಲ. 2011ರ ಪ್ರಕರಣದಲ್ಲಿ ಕೋಚ್ ಹೆಸರು ನಮಗೆ ಸಿಗುವುದು ಪತ್ರಿಕೆಗಳಿಂದ, ತೀರ್ಪಿನ ಒಳಪುಟಗಳಿಂದ. ಪಟ್ಟಿಯಷ್ಟೇ ಉಳಿದರೆ, ನೂರು ವರ್ಷದ ನಂತರ ಓದುವವರಿಗೆ ಆರು ಹೆಣ್ಣುಮಕ್ಕಳು ತಾವಾಗಿಯೇ ಒಂದೇ ವಾರದಲ್ಲಿ ಒಂದೇ ತಪ್ಪು ಮಾಡಿದಂತೆ ಕಾಣುತ್ತದೆ. ಕಾನೂನು ಇರಲಿ, ನಾಲ್ಕನೆಯವಳಿಗಾಗಿ ಅದು ಬೇಕು. ಆದರೆ ಕೊಟ್ಟವರ ಕಾಲಂ ತುಂಬಿಸುವವರೆಗೂ ಆ ಪಟ್ಟಿ ಅರ್ಧ ಶಾಸನ. 2023ರಲ್ಲಿ ಭಾರತ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ಶೇಕಡಾ 3.8. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಇಷ್ಟು ಪ್ರಮಾಣ ಬೇರೆಲ್ಲೂ ಇಲ್ಲ. 213 ಮಾದರಿ ಅಂದರೆ, ಅಷ್ಟೂ ಸಲ ಯಾರೋ ಎಲ್ಲಿಂದಲೋ ಕೊಟ್ಟಿರಬೇಕಲ್ಲ?

ಪೂವಮ್ಮ ಅವರ ಕಥೆ ಎರಡು ವರ್ಷಕ್ಕೆ ಮುಗಿಯಲಿಲ್ಲ. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸೌ ಊರಿನಲ್ಲಿ ವಿಶ್ವ ರಿಲೇ. ಮೊದಲ ದಿನ ರೂಪಲ್ ಚೌಧರಿಗೆ ಮಧ್ಯದಲ್ಲಿ ಸ್ನಾಯು ಹಿಡಿದು ಭಾರತ ಓಟ ಮುಗಿಸಲಾಗಲಿಲ್ಲ. ಮರುದಿನದ ಇನ್ನೊಂದು ಅವಕಾಶದಲ್ಲಿ ರೂಪಲ್, ಪೂವಮ್ಮ, ಜ್ಯೋತಿಕಾ ಶ್ರೀ ದಂಡಿ, ಶುಭಾ ವೆಂಕಟೇಶನ್ 3 ನಿಮಿಷ 29.35 ಸೆಕೆಂಡಿನಲ್ಲಿ ಜಮೈಕಾದ ಹಿಂದೆ ಎರಡನೆಯವರಾಗಿ ಪ್ಯಾರಿಸ್ ಟಿಕೆಟ್ ಹಿಡಿದರು. ಆಗಸ್ಟಿನಲ್ಲಿ ಪ್ಯಾರಿಸ್ಸಿನ ಹೀಟ್ಸಿನಲ್ಲಿ ಭಾರತ ಎಂಟನೆಯದು, 3 ನಿಮಿಷ 32.51. ಫೈನಲ್ ಇಲ್ಲ, ಪದಕ ಇಲ್ಲ. ಮರುದಿನದ ಪೇಪರಿನಲ್ಲಿ ಒಂದು ಸಾಲು. ಹದಿನೆಂಟಕ್ಕೆ ಬೀಜಿಂಗಿಗೆ ಹೋದ ಹುಡುಗಿ ಮೂವತ್ನಾಲ್ಕಕ್ಕೆ ಪ್ಯಾರಿಸ್ಸಿನಲ್ಲಿ ಕೋಲು ಹಿಡಿದು ಓಡಿದ್ದರು. ಅವರ ಪಟ್ಟಿಯಲ್ಲಿ ಯಾರೂ ತಿದ್ದಲು ಹೋಗದ ಸಾಲು ಬಹುಶಃ ಈ ಎಂಟನೇ ಸ್ಥಾನದ್ದೇ.

ದೀಪಾವಳಿಯ ಮರುದಿನ ಬೆಳಗ್ಗೆ ಐದೂವರೆಗೆ ತಮ್ಮನ ಜೊತೆ ಊರ ಹೊರಗಿನ ರಸ್ತೆಗೆ ಹೋದೆ. ಎರಡೂ ಬದಿ ತೊಗರಿ ಹೊಲ, ಇಬ್ಬನಿ. ರಾತ್ರಿ ನಾನು ಇದನ್ನೆಲ್ಲ ಅವನಿಗೆ ಹೇಳಿದ್ದೆ. ಅವನು ಪೂರ್ತಿ ಕೇಳಿ, "ಅವ್ರಿಗಿ ಮೂತ್ರ ಪರೀಕ್ಷಾ ಮಾಡ್ತಾರಕ್ಕ. ನನ್ನ ಯಾರು ಕೇಳ್ತಾರ?" ಅಂದಿದ್ದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟದ್ದು ಅವ್ವ. ನಮ್ಮೂರ ಘನಮಠದ ಶಿವಯೋಗಿಗಳು ಒಕ್ಕಲುತನದ ಮೇಲೆ 'ಕೃಷಿ ಜ್ಞಾನ ಪ್ರದೀಪಿಕೆ' ಬರೆದವರು. ಅವ್ವ ಅದನ್ನು ಓದಿದವಳಲ್ಲ, ಆದರೆ ಹೊಲ ಬಲ್ಲವಳು. "ಹೊಲಕ್ಕ ಹಾಕೋ ಬೀಜಾನ ಅಂಗೈಯಾಗ ಹಿಡದು ನೋಡಿ ಹಾಕ್ತೀವಿ. ನೀ ಏನಂತ ಗೊತ್ತಿಲ್ಲದ್ದು ಹೊಟ್ಟಿಗಿ ಹಾಕ್ಕೋತಿಯಾ?" ಎಂದು ಒಲೆಯ ಕಡೆ ತಿರುಗಿದ್ದಳು.

ಮೈಲಿಗಲ್ಲಿನ ಹತ್ತಿರ ನಾನು ಫೋನಿನಲ್ಲಿ ಗಡಿಯಾರ ಹಚ್ಚಿ ನಿಂತೆ. ಅವನು ಕತ್ತಲಲ್ಲಿ ಓಡಿ ಹೋದ. ಬಹಳ ಹೊತ್ತು ಬರೀ ಹೆಜ್ಜೆಯ ಸಪ್ಪಳ, ಆಮೇಲೆ ಅದೂ ಇಲ್ಲ. ತಿರುಗಿ ಬಂದಾಗ ಆರು ನಿಮಿಷ ನಲವತ್ತೊಂದು ಸೆಕೆಂಡು. ಮೊಣಕಾಲ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, "ಎಷ್ಟಾತು?" ಅಂದ. ಹೇಳಿದೆ.

"ಇನ್ನಾ ಹನ್ನೊಂದು" ಅಂದ.

ಡಬ್ಬಿ ಇನ್ನೂ ಅಟ್ಟದ ಮೇಲೆಯೇ ಇದೆ. ಅವನು ಎಸೆದಿಲ್ಲ, ನಾನೂ ಎಸೆ ಎಂದಿಲ್ಲ. ಮುಚ್ಚಳದ ಸೀಲು ಒಡೆದಿರಲಿಲ್ಲ, ನಾನು ಬರುವ ದಿನ ನೋಡಿಕೊಂಡು ಬಂದೆ. ಪರೀಕ್ಷೆಗೆ ಇನ್ನೂ ದಿನಗಳಿವೆ. ದಿನಾ ಬೆಳಗ್ಗೆ ಅವನು ಒಂದು ಸಂಖ್ಯೆ ಕಳಿಸುತ್ತಾನೆ. ಈ ಬರಹ ಮುಗಿಸುವ ಹೊತ್ತಿಗೆ ಬಂದದ್ದು 6:36.